ಹೊರಗಿನ ಚಿಲಕ

ಚಿಲಕ ಹೊರಗಡೆ ಇತ್ತು. ಉಳಿದದ್ದೆಲ್ಲ ಆಮೇಲೆ, ಇದನ್ನು ಮೊದಲು ಹೇಳಿಬಿಡಬೇಕು. ಒಳಗೆ ಏಳು ಜನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಚಿಲಕ ಹೊರಗಡೆ ಇತ್ತು. ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಸಿಯಕ್ಕ ಕೂತಿದ್ದಳು.

ಅದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆ. ಮೇಲಿನ ಆರು ಅಂತಸ್ತಿನ ರಕ್ತ, ಕೀವು, ವಾಂತಿ, ಉಚ್ಚೆಯೆಲ್ಲ ಗಂಟು ಕಟ್ಟಿಕೊಂಡು ಅಲ್ಲಿಗೆ ಇಳಿದು ಬರುತ್ತಿತ್ತು. ಯಾರು ಹೆತ್ತರು, ಯಾರು ಸತ್ತರು, ಯಾರನ್ನು ಎರಡು ದಿನದಿಂದ ಮಗ್ಗುಲು ತಿರುಗಿಸಿಲ್ಲ ಎನ್ನುವುದು ಕೆಳಗಿನವರಿಗೆ ಬಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಒಗೆಯುವ ಮನೆಗೆ ಕಿಟಕಿ ಇರಲಿಲ್ಲ. ಸೊಂಟದೆತ್ತರಕ್ಕೆ ಒಂದು ಕಿಂಡಿ ಇತ್ತು. ಒಣಗಿದ ಬಟ್ಟೆಯನ್ನು ಆ ಕಿಂಡಿಯಿಂದ ಹೊರಗೆ ತಳ್ಳಿದರೆ ಮಸಿಯಕ್ಕ ಎಳೆದುಕೊಂಡು, ಮಡಚಿ, ಗುರುತಿಲ್ಲದ್ದಕ್ಕೆ ಮೂಲೆಯಲ್ಲಿ ವಾರ್ಡಿನ ನಂಬರು ಬರೆಯುತ್ತಿದ್ದಳು. ಆ ಮಸಿ ಕುದಿಸಿದರೂ ಹೋಗದು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೂ ಹೋಗದು. ಹದಿನೆಂಟು ವರ್ಷದಿಂದ ಅವಳ ಬಲಗೈಯ ಎರಡು ಬೆರಳು ಕಪ್ಪಗೇ ಇದ್ದವು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಬಾಯಲ್ಲಿ ಉಳಿದದ್ದು ಮಸಿಯಕ್ಕ.

ಬಾಗಿಲಿನ ಮೇಲೊಂದು ಹಲಗೆ. ಬಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ: ‘ಯಂತ್ರ ನಡೆಯುತ್ತಿರುವಾಗ ಬಾಗಿಲಿಗೆ ಚಿಲಕ ಹಾಕಿರತಕ್ಕದ್ದು.’

ಆ ವಾಕ್ಯ ಮಸಿಯಕ್ಕನದೇ. ಅರ್ಧ ಅವಳದು.

ಹದಿನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಬರುವ ಹೆಂಗಸರು ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಿದ್ದರು. ಮನೆಯಲ್ಲಿ ನೋಡುವವರು ಯಾರಿದ್ದರು? ದೊಡ್ಡವು ಹೊರಗಿನ ಪಡಸಾಲೆಯಲ್ಲಿ ಓಡಾಡುತ್ತಿದ್ದವು. ಸಣ್ಣವು ಬಟ್ಟೆಬುಟ್ಟಿಯಲ್ಲಿ ಮಲಗುತ್ತಿದ್ದವು. ಮಸಿಯಕ್ಕನ ಮಗಳು ಆಗ ಬುಟ್ಟಿಯ ಕೂಸು. ಗುಡುಗಮ್ಮನ ಮಗಳಿಗೆ ಮೂರು ವರ್ಷ. ಗುಡುಗಮ್ಮ ಎಂದರೆ ಒಳಗಿನ ಏಳು ಜನರಲ್ಲಿ ಹಿರಿಯಳು. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಹಾಗಾಗಿತ್ತು. ಗುಟ್ಟು ಹೇಳಿದರೂ ಮೂರನೇ ಮಹಡಿಗೆ ಕೇಳುತ್ತದೆ ಎಂದು ಎಲ್ಲರೂ ನಗುತ್ತಿದ್ದರು. ಒಂದು ದಿನ ಆ ಮೂರು ವರ್ಷದ ಹುಡುಗಿ ಅಮ್ಮನ ಸೆರಗು ಹುಡುಕಿಕೊಂಡು ಒಳಗೆ ನುಗ್ಗಿತು. ಕುದಿನೀರು ಹರಿಯುವ ಮೋರಿಯಲ್ಲಿ ಕಾಲಿಟ್ಟಿತು. ಹಿಮ್ಮಡಿಯಿಂದ ಮೀನಖಂಡದವರೆಗೆ ಸುಲಿದುಹೋಯಿತು.

ಮಾರನೆಯ ದಿನ ಹೆಂಗಸರೆಲ್ಲ ಸೇರಿ ಅರ್ಜಿ ಬರೆಸಿದರು. ಏಳನೇ ಕ್ಲಾಸು ಓದಿದವಳು ಮಸಿಯಕ್ಕ ಒಬ್ಬಳೇ. ಅವಳೇ ಬರೆದಳು. ಗುಡುಗಮ್ಮ ಬೆನ್ನ ಹಿಂದೆ ನಿಂತು, "ಚಿಲಕ ಹೊರಗಡೆ ಇರ್ಲಿ ಅಂತ ಬರಿ. ಎತ್ತರದಲ್ಲಿ ಇರ್ಲಿ. ನನ್ ಮಗಳು ಕೋತಿ, ಎಟುಕಿದ್ರೆ ತೆಗೆದೇಬಿಡ್ತಾಳೆ" ಎಂದಳು. ಮಸಿಯಕ್ಕ ಬರೆದದ್ದು ಹೀಗೆ: ‘ನಮ್ಮ ಮಕ್ಕಳು ಗೊತ್ತಿಲ್ಲದೆ ಒಳಗೆ ನುಗ್ಗಿ ಸುಟ್ಟುಕೊಳ್ಳದ ಹಾಗೆ, ಯಂತ್ರ ನಡೆಯುತ್ತಿರುವಾಗ ಬಾಗಿಲಿಗೆ ಚಿಲಕ ಹಾಕಿರಬೇಕು.’ ಏಳು ಹೆಬ್ಬೆಟ್ಟು, ಒಂದು ಸಹಿ.

ಆಫೀಸಿನವರು ಒಪ್ಪಿದರು. ಹಲಗೆ ಬರೆಸುವಾಗ ಮೊದಲಿನ ಅರ್ಧ ಬಿಟ್ಟರು. ಹಲಗೆ ಸಣ್ಣದಿತ್ತಂತೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ, ಯಾಕೆಂದು.

ಎರಡು ವರ್ಷ ಕಳೆದ ಮೇಲೆ ಮಕ್ಕಳನ್ನು ಕರೆತರಲೇಬಾರದು ಎಂದು ಇನ್ನೊಂದು ಹಲಗೆ ಬಂತು. ಆಮೇಲೆ ಒಂದು ಮಗುವೂ ಆ ಮೆಟ್ಟಿಲು ಇಳಿಯಲಿಲ್ಲ. ಹಳೆಯ ಕಂಟ್ರಾಕ್ಟರು ಹೋದ, ಹೊಸಬ ಬಂದ. ಚಿಲಕ ಇತ್ತು. ಹೊಸಬನಿಗೆ ಅದು ಹಿಡಿಸಿತು. ಹೆಂಗಸರು ಗಾಳಿಗೆಂದು ಹೊರಗೆ ಬರುವುದು ನಿಂತಿತು. ನೀರಿಗೆ, ಕಕ್ಕಸಿಗೆ ಹೋಗುವುದು ನಿಂತಿತು. ಮಿಷನ್ ಬೆಳಿಗ್ಗೆ ಏಳಕ್ಕೆ ಶುರುವಾದರೆ ಮಧ್ಯಾಹ್ನ ಒಂದಕ್ಕೆ ಅರ್ಧ ಗಂಟೆ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಹೊಟ್ಟೆ ಬಿಗಿಹಿಡಿದುಕೊಂಡು ಒಗೆಯಬೇಕು. ತಿಂಗಳ ಮುಟ್ಟಾದವಳೂ ಒಗೆಯಬೇಕು. ಮಕ್ಕಳು ಒಳಗೆ ಹೋಗದಿರಲೆಂದು ಹಾಕಿದ್ದು ಹೆಂಗಸರು ಹೊರಗೆ ಬಾರದಿರಲೆಂದು ಆಯಿತು. ಹಲಗೆಯ ಮೇಲಿನ ಅಕ್ಷರ ಒಂದೂ ಬದಲಾಗಲಿಲ್ಲ.

ಚಿಲಕ ಕಾಯುವ ಕೆಲಸ ಮಸಿಯಕ್ಕನಿಗೆ ಬಿತ್ತು. ಅಲ್ಲೇ ಕೂರುವವಳು, ಕಾಯಲಿ ಎಂದರು.

ಒಂದು ತಿಂಗಳ ಹಿಂದೆ ಅವಳು ಒಮ್ಮೆ ತೆಗೆದಿದ್ದಳು. ಒಳಗೆ ಬಸುರಿ ಹೆಂಗಸೊಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಳು. ತೆಗೆದು, ಗೋಡೆಗೆ ಒರಗಿಸಿ, ನೀರು ಕುಡಿಸಿ, ಮತ್ತೆ ಒಳಗೆ ಕಳಿಸಿದಳು. ಅಷ್ಟರಲ್ಲಿ ಸೂಪರ್‌ವೈಸರ್ ನೋಡಿಬಿಟ್ಟ. ಅವನು ಮಾತಾಡುವುದು ಕಡಿಮೆ. ಬಾ, ಹೋಗು, ನಿಲ್ಲು, ಸುಮ್ಮನಿರು, ಎಲ್ಲವನ್ನೂ ಒಂದೇ ತೋರುಬೆರಳಿನಲ್ಲಿ ಹೇಳುತ್ತಿದ್ದ. ಹೆಂಗಸರು ಹಿಂದಿನಿಂದ ಅವನನ್ನು ಬೆರಳಪ್ಪ ಎನ್ನುತ್ತಿದ್ದರು. ಬೆರಳಪ್ಪ ಅವಳನ್ನು ಹಲಗೆಯ ಕೆಳಗೆ ನಿಲ್ಲಿಸಿದ.

"ಓದು."

ಓದಿದಳು.

"ಜೋರಾಗಿ. ನಲವತ್ತು ಸಲ."

ವಾರ್ಡಿನ ಹುಡುಗರು ಗಾಡಿ ತಳ್ಳಿಕೊಂಡು ಬಂದವರು ನಿಂತು ನೋಡಿದರು. ಒಬ್ಬ ಎಣಿಸಿದ. ಇಪ್ಪತ್ತಾರನೆಯ ಸಲಕ್ಕೆ ನಾಲಿಗೆ ತೊಡರಿತು. ಅವನು, "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ" ಎಂದ. ತಾನೇ ಬರೆದ ಮಾತನ್ನು ತಾನೇ ನಲವತ್ತು ಸಲ ಓದಿದಳು. ಮೊದಲಿನ ಅರ್ಧ ಒಂದು ಸಲವೂ ಬಾಯಿಗೆ ಬರಲಿಲ್ಲ. ಬಂದರೂ ಹೇಳುವ ಧೈರ್ಯ ಇರಲಿಲ್ಲ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗಳಿದ್ದಳು. ಗಂಡ ಹೋಗಿ ಆರು ವರ್ಷವಾಗಿತ್ತು. ಕೆಲಸ ಹೋದರೆ ಮುಂದಿನದು ಕತ್ತಲೆ.

ಅದಾಗಿ ತಿಂಗಳಿಗೆ, ಒಂದು ಮಂಗಳವಾರ ಹನ್ನೊಂದು ಗಂಟೆಯ ಸುಮಾರಿಗೆ ಒಳಗಿನಿಂದ ಸಿಳ್ಳೆಯಂಥ ಸದ್ದು ಬಂತು. ಆಮೇಲೆ ಏನೋ ಸಿಡಿದ ಹಾಗಾಯಿತು. ಕಿಂಡಿಯಿಂದ ಬಿಳಿ ಹಬೆ ಭುಸಭುಸನೆ ಹೊರಗೆ ಬಂತು. ಹಬೆಯ ಕೊಳವೆಯ ಜೋಡಣೆ ಕಿತ್ತುಕೊಂಡಿತ್ತು.

ಕಿಂಡಿಯಿಂದ ಒಂದು ಕೈ ಹೊರಗೆ ಬಂತು. ಬಳೆ ನೋಡಿದರೇ ಗೊತ್ತಾಯಿತು, ಗುಡುಗಮ್ಮನದು.

"ಲೇ ಮಸೀ! ಬಾಗ್ಲು ತೆಗಿಯೇ!"

ಮಸಿಯಕ್ಕ ಎದ್ದಳು. ಕೈ ಎತ್ತಿದಳು. ಚಿಲಕ ಮುಟ್ಟಿದಳು. ಕಬ್ಬಿಣ ಬೆಚ್ಚಗಿತ್ತು. ಇಲ್ಲಿಯವರೆಗೆ ಎಲ್ಲ ಸರಿ ಇತ್ತು.

ಆಮೇಲೆ ಅವಳ ಕಣ್ಣು ಹಲಗೆಯ ಮೇಲೆ ಹೋಯಿತು. ಒಳಗೆ ಮಿಷನ್ ತಿರುಗುತ್ತಲೇ ಇತ್ತು.

"ಮಿಷನ್ ಆಫ್ ಮಾಡಿ ಅಕ್ಕಾ!"

"ಸ್ವಿಚ್ಚು ಹಬೆ ಆಚೆಗಿದೆ ಕಣೇ! ಹೋಗೋಕಾಗ್ತಿಲ್ಲ! ತೆಗಿಯೇ!"

ಬಾಗಿಲು ಬಡಿಯುವ ಸದ್ದು ಹೆಚ್ಚಾಯಿತು. ಒಂದು ಕೈಯಲ್ಲ, ಹಲವು ಕೈ. ಮಸಿಯಕ್ಕ ಚಿಲಕದಿಂದ ಕೈ ತೆಗೆದಳು. "ತಡೀರಿ, ಸಾರ್‌ನ ಕೇಳ್ಕೊಂಡು ಬಂದೆ" ಎಂದಳು.

ಎರಡನೇ ಮಹಡಿಗೆ ನಲವತ್ತನಾಲ್ಕು ಮೆಟ್ಟಿಲು. ಲಿಫ್ಟು ಅಲ್ಲೇ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಮೇಲೆ ‘ರೋಗಿಗಳಿಗೆ ಮಾತ್ರ’ ಎಂದು ಬರೆದಿತ್ತು. ಅವಳು ಮೆಟ್ಟಿಲು ಹತ್ತಿದಳು. ಆಫೀಸಿನ ಹೊರಗೆ ‘ಪಾದರಕ್ಷೆ ಹೊರಗೆ ಬಿಡಿ’ ಎಂದಿತ್ತು. ಬಿಟ್ಟಳು. ಒಂದರ ಪಕ್ಕ ಒಂದು ಜೋಡಿಸಿ ಬಿಟ್ಟಳು. ಬೆರಳಪ್ಪ ಫೋನಿನಲ್ಲಿದ್ದ. ಬೆರಳು ಎತ್ತಿದ. ಅವಳು ನಿಂತಳು. ಅವನು ಯಾರಿಗೋ ಹೊಸ ಪರದೆಯ ಬಣ್ಣ ಹೇಳುತ್ತಿದ್ದ. ತಿಳಿ ನೀಲಿಯೋ, ಸ್ವಲ್ಪ ಗಾಢವೋ. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು.

"ಏನು?"

"ಒಳಗೆಲ್ಲ ಹಬೆ ತುಂಬಿದೆ ಸಾರ್. ಬಾಗಿಲು ತೆಗೀಲಾ?"

"ಮಿಷನ್ ನಿಂತಿದ್ಯಾ?"

"ಇಲ್ಲ ಸಾರ್."

"ಮತ್ತೆ ರೂಲ್ ಏನು?"

ಅವಳು ಹೇಳಿದಳು. ಕೆಳಗೆ ಏಳು ಜನ ಬೇಯುತ್ತಿರುವಾಗ ಅವನ ಮುಂದೆ ಬರಿಗಾಲಲ್ಲಿ ನಿಂತು, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ, ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಚೀರಾಟ ಕೇಳಿತು. ಬೆರಳಪ್ಪ ಬಿಳಿಚಿಕೊಂಡ. "ತೆಗಿ, ತೆಗಿ, ಹೋಗು!" ಎಂದ.

ಅವಳು ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಆರು ಜನ ತೆವಳಿಕೊಂಡು ಹೊರಗೆ ಬಂದರು. ಕೆಮ್ಮು, ಕಣ್ಣೀರು, ಕೆಂಪಾದ ಮುಖ. ಏಳನೆಯವಳು ಬರಲಿಲ್ಲ. ಗುಡುಗಮ್ಮ ಒದ್ದೆ ಚಾದರ ಸುತ್ತಿ ಕಿತ್ತುಹೋದ ಜೋಡಣೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು, ಹಬೆ ಉಳಿದವರ ಮುಖಕ್ಕೆ ಹೊಡೆಯದಿರಲೆಂದು. ಅವಳನ್ನು ಎಳೆದಾಗ ಚಾದರವೂ ಬಂತು. ಚಾದರ ಬಿಡಿಸಿದಾಗ ಅಂಗೈಯ ಚರ್ಮ ಅದರ ಜೊತೆ ಬಂತು. ಚಾದರದ ಮೂಲೆಯಲ್ಲಿ ಮಸಿಯಕ್ಕನ ಕೈಬರಹ ಹಾಗೇ ಇತ್ತು. ವಾರ್ಡ್ ನಾಲ್ಕು. ಒಂದು ಚೂರೂ ಮಾಸಿರಲಿಲ್ಲ.

ಗುಡುಗಮ್ಮನನ್ನು ಹೊತ್ತುಕೊಂಡು ಲಿಫ್ಟಿಗೆ ಬಂದಾಗ ಲಿಫ್ಟಿನವನು ತಡೆದ. ಕೆಟ್ಟವನಲ್ಲ, ಹೆದರಿದವನು. "ಅಲ್ಲಮ್ಮಾ, ಇವರು ಪೇಷೆಂಟಾ, ಸ್ಟಾಫಾ? ನಾನು ಯಾರನ್ನಾದ್ರೂ ಕೇಳ್ಬೇಕು" ಎಂದ.

ಮಸಿಯಕ್ಕ ಅವನ ಮುಖ ನೋಡಿದಳು. ಅಲ್ಲಿ ಅವಳಿಗೆ ಕಂಡದ್ದು ತನ್ನ ಮುಖ. ಬಸುರಿ ಹೆಂಗಸು ಅವನನ್ನು ಮೊಣಕೈಯಿಂದ ತಳ್ಳಿ ಗುಂಡಿ ಒತ್ತಿದಳು.

ಎರಡು ದಿನ ಬಿಟ್ಟು ಮಸಿಯಕ್ಕ ವಾರ್ಡಿಗೆ ಹೋದಳು. ಗುಡುಗಮ್ಮನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಮುಖ ಗೋಡೆಯ ಕಡೆ. ಮಂಚದ ಕಾಲಬುಡದಲ್ಲಿ ಅವಳ ಮಗಳು ಕೂತಿದ್ದಳು. ಹದಿನೇಳು ವರ್ಷ. ಸುಟ್ಟ ಕಾಲಿನ ಗುರುತು ಚಪ್ಪಲಿಯ ಪಟ್ಟಿಯ ಮೇಲೆ ಕಾಣುತ್ತಿತ್ತು.

"ಅಮ್ಮ ಮಾತಾಡ್ತಿಲ್ಲ ಚಿಕ್ಕಮ್ಮ. ಗಂಟಲಿಗೇನೂ ಆಗಿಲ್ಲ ಅಂತಾರೆ ಡಾಕ್ಟ್ರು. ಆದ್ರೂ ಮಾತಾಡ್ತಿಲ್ಲ."

"ಅಕ್ಕಾ" ಎಂದಳು ಮಸಿಯಕ್ಕ.

ಗೋಡೆಯ ಕಡೆ ತಿರುಗಿದ್ದ ಮುಖ ಹಾಗೇ ಇತ್ತು. ಮೂರನೇ ಮಹಡಿಗೆ ಕೇಳಿಸುತ್ತಿದ್ದ ಗಂಟಲು ಮಾರು ದೂರದಲ್ಲಿ ಸುಮ್ಮನಿತ್ತು. ಮಸಿಯಕ್ಕ ಚಾದರದ ಮೂಲೆಯನ್ನು ಸರಿಮಾಡಿದಳು. ಅಲ್ಲೂ ತನ್ನ ಅಕ್ಷರ. ಆ ಆಸ್ಪತ್ರೆಯಲ್ಲಿ ತನ್ನ ಅಕ್ಷರ ಇಲ್ಲದ ಹಾಸಿಗೆ ಇರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ಕೇಳಿದಳು.

"ಅಮ್ಮಾ, ಯಾಕೆ ಹೀಗಿದೀಯ? ನಿಂದೇನು ತಪ್ಪು? ರೂಲ್ ಇತ್ತಲ್ವಾ? ನಮ್ ಮಿಸ್ ಕೂಡ ಹೇಳ್ತಾರೆ, ರೂಲ್ ಅಂದ್ರೆ ರೂಲ್."

ಮಸಿಯಕ್ಕನ ಕೈಯ ತುತ್ತು ತಟ್ಟೆಗೆ ಮರಳಿತು. ಅವಳು ಇಷ್ಟು ದಿನ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ. ಈಗ ಅದು ಮಗಳ ಬಾಯಲ್ಲಿತ್ತು. ಇದನ್ನು ಹೊಟ್ಟೆಗೆ ಹಾಕಿಕೊಂಡು ಬೆಳೆದರೆ ಈ ಹುಡುಗಿಯೂ ನಾಳೆ ಯಾವುದೋ ಬಾಗಿಲ ಮುಂದೆ ಕೈ ಇಳಿಸಿ ನಿಲ್ಲುತ್ತಾಳೆ.

"ರೂಲು ನನಗೆ ಗೊತ್ತಿತ್ತು" ಎಂದಳು. "ಯಾಕೆ ಅಂತಾನೂ ಗೊತ್ತಿತ್ತು."

"ಅಂದ್ರೆ?"

"ಊಟ ಮಾಡು."

ಒಂಬತ್ತನೆಯ ದಿನ ಆಫೀಸಿನಲ್ಲಿ ವಿಚಾರಣೆ. ಬೆರಳಪ್ಪ ಹಿಂದಿನ ದಿನವೇ ಅವಳನ್ನು ಕರೆದು ಟೈಪು ಮಾಡಿದ ಹಾಳೆ ತೋರಿಸಿದ್ದ. ಅಂದು ಬೆರಳಿನಲ್ಲಲ್ಲ, ಬಾಯಲ್ಲೇ ಮಾತಾಡಿದ.

"ನೋಡಮ್ಮ, ತಪ್ಪು ಬಾಗಿಲಿನ ಮೇಲೆ ಬಂದ್ರೆ ನಿನ್ನ ಮೇಲೆ ಬರುತ್ತೆ. ತಡವಾಗಿ ತೆಗೆದೋಳು ನೀನು. ಸುಟ್ಕೊಂಡೋಳ ಮೇಲೆ ಬಂದ್ರೆ ಬೇರೆ ಯಾರ ಮೇಲೂ ಬರಲ್ಲ. ಸಹಿ ಹಾಕು, ನಿನ್ ಪಾಡಿಗೆ ಕೆಲಸ ಮಾಡ್ಕೊಂಡಿರು."

ಹಾಳೆಯಲ್ಲಿ ಇದ್ದದ್ದು ಇಷ್ಟು: ಯಂತ್ರ ಚಾಲನೆಯಲ್ಲಿರುವಾಗ ಸದರಿ ಕೆಲಸಗಾರಳು ನಿಯಮ ಮೀರಿ ಹೊರಬರಲು ಯತ್ನಿಸಿ, ಗಾಬರಿಯಿಂದ ಹಬೆಯ ಕೊಳವೆ ಹಿಡಿದು ಗಾಯ ಮಾಡಿಕೊಂಡಿರುತ್ತಾಳೆ. ಬಾಗಿಲು ಬಡಿದ ಸದ್ದು ನನಗೆ ಕೇಳಿಸಿರುವುದಿಲ್ಲ. ನಾನು ನಿಯಮ ಪಾಲಿಸಿರುತ್ತೇನೆ.

ಅದಕ್ಕೆ ಸಹಿ ಬಿದ್ದರೆ ಗುಡುಗಮ್ಮನ ಮಂಚ ನಾಳೆಗೇ ಖಾಲಿ. ತಪ್ಪು ಮಾಡಿ ಸುಟ್ಟುಕೊಂಡವಳಿಗೆ ಆಸ್ಪತ್ರೆ ಯಾಕೆ ಔಷಧಿ ಹಾಕುತ್ತದೆ? ಕೆಲಸವೂ ಹೋಯಿತು, ಕೈಯೂ ಹೋಯಿತು. ಇದು ಮಸಿಯಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಿಚಾರಣೆಯ ಅಧಿಕಾರಿ ಹೊರಗಿನವರು. ಕನ್ನಡಕದ ಮೇಲಿಂದ ನೋಡುವ, ಮೆತ್ತಗೆ ಮಾತಾಡುವ ಮನುಷ್ಯ. "ಕೂತ್ಕೊಳಮ್ಮ" ಎಂದರು. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಮೊದಲ ಸಲ ಕುರ್ಚಿಯ ಮೇಲೆ ಕೂತಳು. ಎದುರಿಗೆ ಕಂಟ್ರಾಕ್ಟರನ ವಕೀಲ, ಪಕ್ಕದಲ್ಲಿ ಬೆರಳಪ್ಪ.

ಅಧಿಕಾರಿ ಇನ್ನೂ ಸಹಿಯಾಗದ ಆ ಹಾಳೆ ಓದಿದರು. ಹಲಗೆಯ ಮಾತನ್ನೂ ಓದಿದರು. "ನಿಯಮ ಸ್ಪಷ್ಟವಾಗಿದೆ. ಇದಕ್ಕೆ ಇನ್ನೊಂದು ಅರ್ಥ ಇಲ್ಲ. ನಿಮ್ಮ ತಪ್ಪು ಏನೂ ಕಾಣ್ಸಲ್ಲಮ್ಮ" ಎಂದರು.

ತಪ್ಪಿಲ್ಲ. ಈ ಮಾತನ್ನು ಯಾರಾದರೂ ಹೇಳಲಿ ಎಂದು ಅವಳು ಒಂಬತ್ತು ದಿನದಿಂದ ಕಾದಿದ್ದಳು. ಈಗ ಕಿವಿಗೆ ಬಿದ್ದಾಗ ಅವಳು ಕುರ್ಚಿಯ ತುದಿಗೆ ಸರಿದಳು.

ವಕೀಲ ಫೈಲಿನ ಮೇಲೆ ತಟ್ಟಿದ. "ಇನ್ನೂ ಒಂದು ವಿಷಯ ಸರ್. ಈ ಚಿಲಕ ನಮ್ಮವರು ಬಲವಂತವಾಗಿ ಹಾಕಿದ್ದಲ್ಲ. ಕೆಲಸಗಾರರೇ ಅರ್ಜಿ ಕೊಟ್ಟು ಹಾಕಿಸ್ಕೊಂಡಿದ್ದು. ಗಾಯ ಆದವಳ ಹೆಬ್ಬೆಟ್ಟೂ ಅದರಲ್ಲಿದೆ."

"ಆ ಅರ್ಜಿ ಇದ್ಯಾ ಸಾರ್?" ಮಸಿಯಕ್ಕ ಕೇಳಿದಳು.

"ಇದೆ. ಯಾಕೆ, ಓದೋಕೆ ಬರುತ್ತಾ?"

"ಬರೆದೋಳೇ ನಾನು."

ವಕೀಲ ನಕ್ಕ. ಬೆರಳಪ್ಪನೂ ನಗಬೇಕೆಂದು ತುಟಿ ಅಗಲಿಸಿದ. ಮಸಿಯಕ್ಕ ತನ್ನ ಕಪ್ಪು ಬೆರಳುಗಳನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಕೈ ಚಾಚಿದರು. ವಕೀಲನಿಗೆ ಕೊಡದೆ ವಿಧಿಯಿರಲಿಲ್ಲ.

"ಜೋರಾಗಿ ಓದಿ ಸಾರ್" ಎಂದಳು. "ಮೊದಲಿಂದ."

ಅವರು ಓದಿದರು. ‘ನಮ್ಮ ಮಕ್ಕಳು ಗೊತ್ತಿಲ್ಲದೆ ಒಳಗೆ ನುಗ್ಗಿ ಸುಟ್ಟುಕೊಳ್ಳದ ಹಾಗೆ’ ಎಂಬಲ್ಲಿಗೆ ಬಂದಾಗ ದನಿ ನಿಧಾನವಾಯಿತು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಸರಿ. ಇದು ಇಲ್ಲಿದೆ. ಆದರೆ ಅರ್ಜಿ ಬೇರೆ, ನಿಯಮ ಬೇರೆ. ಹಲಗೆ ಮೇಲೆ ಏನಿದೆಯೋ ಅದೇ ನಿಯಮ. ಯಾಕೆ ಮಾಡಿದ್ರು, ಯಾರಿಗೋಸ್ಕರ ಮಾಡಿದ್ರು ಅಂತ ನಾನು ನೋಡೋಕೆ ಹೋದ್ರೆ ಕೆಲಸ ನಡಿಯಲ್ಲಮ್ಮ. ಅಕ್ಷರ ಬಿಟ್ಟು ಆಚೆ ಹೋಗೋ ಹಾಗಿಲ್ಲ."

"ಸಾರ್, ನೀವು ಮೇಲಕ್ಕೆ ಹೇಗೆ ಬಂದ್ರಿ?"

"ಅಂದ್ರೆ?"

"ಮೆಟ್ಟಿಲಲ್ಲೋ, ಲಿಫ್ಟಲ್ಲೋ?"

"ಲಿಫ್ಟಲ್ಲಿ."

"ಲಿಫ್ಟ್ ಮೇಲೆ ರೋಗಿಗಳಿಗೆ ಮಾತ್ರ ಅಂತಿದೆ. ನಿಮಗೇನು ಕಾಯಿಲೆ ಸಾರ್?"

ವಕೀಲ ಎದ್ದು ನಿಂತ. "ಏನಮ್ಮಾ, ಯಾರ ಹತ್ರ ಮಾತಾಡ್ತಿದೀಯ ಅಂತ ಗೊತ್ತಾ?" ಬೆರಳಪ್ಪನ ಬೆರಳು ತಾನಾಗೇ ಮೇಲೆದ್ದಿತ್ತು. ಅವಳು ಆ ಬೆರಳನ್ನು ನೋಡಿದಳು. ಈ ಸಲ ಸುಮ್ಮನಾಗಲಿಲ್ಲ.

ಅಧಿಕಾರಿಯ ಕಿವಿ ಕೆಂಪಾಗಿತ್ತು. "ಅದು... ಕಂಡಕಂಡವರು ಸುಮ್ಮನೆ ಹತ್ತಿ ರೋಗಿಗಳಿಗೆ ತೊಂದ್ರೆ ಆಗ್ಬಾರ್ದು ಅಂತ ಹಾಕಿರೋದು."

"ನೋಡಿ. ನಿಮಗೆ ಯಾಕೆ ಅಂತ ಕಾಣ್ಸುತ್ತೆ. ನೀವು ಎದುರಿಗೆ ನಿಂತ್ರೆ ಬೋರ್ಡಿಗೆ ಮನಸ್ಸು ಬರುತ್ತೆ. ನಾವು ನಿಂತ್ರೆ ಬರೀ ಅಕ್ಷರ. ಗುಡುಗಮ್ಮನ ಕೈಯಿಂದ ಚರ್ಮ ಜೋತಾಡ್ತಿತ್ತು ಸಾರ್, ಆಗ ಲಿಫ್ಟಿನವನು ಕೇಳ್ದ, ಇವರು ಪೇಷೆಂಟಾ ಸ್ಟಾಫಾ ಅಂತ."

ಅಧಿಕಾರಿ ಅರ್ಜಿಯನ್ನು ಟೈಪು ಮಾಡಿದ ಹಾಳೆಯ ಪಕ್ಕ ಇಟ್ಟರು.

"ನನಗೂ ಕಾಣ್ತಿತ್ತು ಸಾರ್" ಎಂದಳು. "ಅದೇ ನನ್ನ ತಪ್ಪು. ಇವರಿಗೆ ಗೊತ್ತಿರ್ಲಿಲ್ಲ ಅಂತಾದ್ರೂ ಅನ್ನಬಹುದು. ನನಗೆ ಗೊತ್ತಿತ್ತು. ಆ ಮಗುವಿನ ಕಾಲಿಗೆ ಎಣ್ಣೆ ಹಚ್ಚಿದ್ದು ಇದೇ ಕೈ. ಬಡಿದಿದ್ದು ಕೇಳಿಸ್ತು. ಕೈ ಚಿಲಕದ ಮೇಲಿತ್ತು. ಎಳೆದಿದ್ರೆ ಮುಗೀತಿತ್ತು. ಎಳೀಲಿಲ್ಲ. ಮೇಲೆ ಬಂದೆ. ಚಪ್ಪಲಿ ಬಿಟ್ಟೆ. ಸಾರ್ ಬೆರಳು ತೋರಿಸಿದ್ರು, ಪರದೆ ಬಣ್ಣ ಮಾತಾಡೋವರೆಗೂ ನಿಂತಿದ್ದೆ. ಬರ್ಕೊಳಿ."

ಅಧಿಕಾರಿಯ ಪೆನ್ನು ಎದ್ದದ್ದು ಅಲ್ಲೇ ನಿಂತಿತು. "ಇದನ್ನ ಬರೆದ್ರೆ ನಿಮ್ಮ ಮೇಲೇ ಬರುತ್ತಮ್ಮ. ಯೋಚನೆ ಮಾಡಿ. ಮಗಳಿದಾಳೆ ಅಂತ ಸೂಪರ್‌ವೈಸರ್ ಹೇಳಿದ್ರು."

"ಬರ್ಲಿ. ಅವಳ ಮೇಲೆ ಮಾತ್ರ ಬರ್ಬಾರ್ದು."

ಪೆನ್ನು ಕೆಳಗಿಳಿಯಲಿಲ್ಲ. ಅವಳು ಆ ಟೈಪು ಮಾಡಿದ ಹಾಳೆಯನ್ನೇ ಎಳೆದುಕೊಂಡಳು. ಮಗುಚಿದಳು. ಮೇಜಿನ ಮೇಲಿದ್ದ ಇನ್ನೊಂದು ಪೆನ್ನು ತೆಗೆದುಕೊಂಡು ಹಿಂಬದಿಯಲ್ಲಿ ಬರೆದಳು. ಬರೆಯಲು ಹೊತ್ತು ಹಿಡಿಯಿತು. ವಾರ್ಡಿನ ನಂಬರು ಬಿಟ್ಟು ಬೇರೇನಾದರೂ ಬರೆದು ಹದಿನಾಲ್ಕು ವರ್ಷವಾಗಿತ್ತು. ಗುಡುಗಮ್ಮನ ತಪ್ಪಿಲ್ಲ ಎಂದು ಮೊದಲ ಸಾಲು. ಕೊನೆಯಲ್ಲಿ ಸಹಿ.

"ನಾಳೆಯಿಂದ ಕೆಲಸಕ್ಕೆ ಬರ್ಬೇಡ" ಎಂದ ಬೆರಳಪ್ಪ.

"ನಾಳೆಯಿಂದ ತಾನೇ? ಇವತ್ತು ಇನ್ನೂ ಇದೆ" ಎಂದು ಅವಳು ಎದ್ದಳು.

ಕೆಳಗೆ ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಮಿಷನ್ ಓಡುತ್ತಿತ್ತು. ಕೊಳವೆಗೆ ಹೊಸ ಪಟ್ಟಿ ಬಿಗಿದಿದ್ದರು, ಅಷ್ಟೇ. ಸ್ಟೂಲಿನ ಮೇಲೆ ಪಡಸಾಲೆ ಗುಡಿಸುವ ಅಜ್ಜಿಯನ್ನು ಕೂರಿಸಿದ್ದರು. ಕಾಲ ಮೇಲೆ ಪೊರಕೆ ಅಡ್ಡ ಇಟ್ಟುಕೊಂಡು ಅವಳು ತೂಕಡಿಸುತ್ತಿದ್ದಳು.

"ಅಜ್ಜೀ, ಸ್ವಲ್ಪ ಏಳು. ಸ್ಟೂಲ್ ಬೇಕು."

"ಚಿಲಕ ಮುಟ್ಬೇಡ ಕಣೇ. ತೆಗೀಬಾರ್ದು ಅಂದಿದಾರೆ."

"ಯಾಕಂತೆ?"

"ನಂಗೇನ್ ಗೊತ್ತು? ಓದೋಕೆ ಬರಲ್ಲ. ಮೇಲೆ ಬರೆದಿದೆಯಂತಲ್ಲ."

ಮಸಿಯಕ್ಕ ತನ್ನ ಡಬ್ಬಿ ತೆಗೆದಳು. ಕುಂಚ ಅದ್ದಿದಳು. ಸ್ಟೂಲು ಹತ್ತಿ, ಹಲಗೆಯಲ್ಲಿ ಜಾಗ ಸಾಲದ್ದಕ್ಕೆ ಮೇಲಿನ ಗೋಡೆಯ ಮೇಲಿಂದಲೇ ಶುರುಮಾಡಿದಳು. ಅಕ್ಷರ ದಪ್ಪ ದಪ್ಪಗೆ ಬಂದವು. ಮಸಿ ಮೊಣಕೈವರೆಗೆ ಇಳಿಯಿತು. ಈ ಮಸಿ ಹೋಗದು. ಗೋಡೆ ಕೆರೆಯಬೇಕು, ಇಲ್ಲ ಕೆಡವಬೇಕು.

"ಏನ್ ಬರೀತಿದೀಯ ತಾಯಿ?"

"ನಮ್ಮ ಮಕ್ಕಳು ಗೊತ್ತಿಲ್ಲದೆ ಒಳಗೆ ನುಗ್ಗಿ ಸುಟ್ಟುಕೊಳ್ಳದ ಹಾಗೆ" ಎಂದು ಓದಿದಳು. "ಆಮೇಲೆ ಕೆಳಗೆ ಮೊದಲೇ ಇದೆ. ಮಿಷನ್ ಓಡುವಾಗ ಚಿಲಕ ಹಾಕ್ಬೇಕು ಅಂತ."

ಅಜ್ಜಿ ಬಾಯಿ ತೆರೆದುಕೊಂಡು ಹಲಗೆಯನ್ನೂ ಬಾಗಿಲನ್ನೂ ನೋಡಿದಳು. ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಓ, ಮಕ್ಕಳಿಗೋಸ್ಕರ! ಇದನ್ನ ಮೊದ್ಲೇ ಹೇಳ್ಬಾರ್ದಾ? ಇಲ್ಲೆಲ್ಲಿದಾವೆ ಮಕ್ಕಳು?"

ಚಿಲಕ ಅವಳಿಗೆ ಎಟುಕುತ್ತಿರಲಿಲ್ಲ. ಪೊರಕೆಯ ಹಿಡಿಯನ್ನು ತಿರುಗಿಸಿ ಹಿಡಿದಳು. ಚಿಲಕದ ಕಿವಿಗೆ ತಗುಲಿಸಿ ಎಳೆದಳು. ಖಟ್ ಎಂದಿತು. ಅಷ್ಟೇ ಕೆಲಸ. ಎಪ್ಪತ್ತು ವರ್ಷದ ಮುದುಕಿ, ಪೊರಕೆಯಲ್ಲಿ, ಒಂದೇ ಎಳೆತಕ್ಕೆ.

ಮಸಿಯಕ್ಕ ಸ್ಟೂಲಿನ ಮೇಲೆ ನಿಂತವಳು ಆ ಸದ್ದು ಕೇಳಿ ಗೋಡೆ ಹಿಡಿದುಕೊಂಡಳು.

ಒಳಗಿನಿಂದ ಬಸುರಿ ಹೆಂಗಸು ಮೊದಲು ಬಂದಳು. ಬೆವರು ಒರೆಸಿಕೊಂಡು ಗೋಡೆಗೆ ಒರಗಿ ಕೂತಳು. ಹಿಂದೆ ಐದು ಜನ ಬಂದರು. ಯಾರೂ ಕೂಗಲಿಲ್ಲ, ಜೈಕಾರ ಹಾಕಲಿಲ್ಲ. ಇಬ್ಬರು ಕಕ್ಕಸಿಗೆ ಹೋದರು. ಒಬ್ಬಳು ನೀರು ಕುಡಿದಳು. ಮಿಷನ್ ತನ್ನ ಪಾಡಿಗೆ ತಿರುಗುತ್ತಿತ್ತು. ಮೆಟ್ಟಿಲ ಮೇಲೆ ಬೆರಳಪ್ಪನ ಬೂಟಿನ ಸದ್ದು ಕೇಳಿದಾಗ ಆರೂ ಜನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವನ ಬೆರಳು ಮೇಲೆದ್ದಿತು. ಆರು ಜನರಲ್ಲಿ ಯಾರನ್ನು ತೋರಿಸಬೇಕೋ ತಿಳಿಯದೆ ಗಾಳಿಯಲ್ಲಿ ನಿಂತಿತು.

ಮಸಿಯಕ್ಕ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ಗುಡುಗಮ್ಮನ ಮಗಳು ಔಷಧಿ ತರಲು ಹೋಗಿದ್ದಳು. ಮುಖ ಗೋಡೆಯ ಕಡೆಯೇ ಇತ್ತು. ಮಸಿಯಕ್ಕ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಹಾಳೆ, ಅರ್ಜಿ, ಗೋಡೆಯ ಮೇಲಿನ ಮಸಿ, ಅಜ್ಜಿಯ ಪೊರಕೆ. ಹೇಳುತ್ತ ಹೇಳುತ್ತ ತಾನು ಹೊಗಳಿಕೆಗೆ ಕಾಯುತ್ತಿದ್ದೇನೆ ಎಂದು ಅವಳಿಗೇ ತಿಳಿಯಿತು. ನಾಚಿಕೆಯಾಗಿ ಅರ್ಧಕ್ಕೆ ನಿಲ್ಲಿಸಿದಳು.

"ಮೆಟ್ಟಿಲು ಎಷ್ಟು?"

ಒಂಬತ್ತು ದಿನದ ಮೇಲೆ ಬಂದ ದನಿ. ಒಣಗಿತ್ತು, ಆದರೂ ಪಕ್ಕದ ಮಂಚದವರು ತಿರುಗಿ ನೋಡಿದರು.

"ನಲವತ್ತನಾಲ್ಕು ಅಕ್ಕಾ."

"ಹತ್ತುವಾಗ ಒಂದ್ಸಲನಾದ್ರೂ ತಿರುಗಿ ನೋಡಿದ್ಯಾ?"

ಸುಳ್ಳು ಹೇಳಬಹುದಿತ್ತು. ನೋಡಿದವರು ಯಾರೂ ಇರಲಿಲ್ಲ.

"ಇಲ್ಲ."

ಗುಡುಗಮ್ಮ ಬ್ಯಾಂಡೇಜಿನ ಎರಡು ಉಂಡೆಗಳನ್ನು ಎದೆಯ ಮೇಲಿಟ್ಟುಕೊಂಡು ನಿಧಾನವಾಗಿ ಈ ಕಡೆ ಹೊರಳಿದಳು.

"ಬೆಳಗಿಂದ ಮೂಗು ತುರಿಸ್ತಿದೆ. ಇಲ್ಲಿ, ಎಡಗಡೆ. ಕೈ ಇಲ್ಲ ನನಗೆ."

ಮಸಿಯಕ್ಕ ಬಗ್ಗಿ ಕಪ್ಪು ಬೆರಳಿನಿಂದ ಮೂಗು ತುರಿಸಿದಳು.

"ಇದನ್ನ ಮಾಫಿ ಅಂತ ತಿಳ್ಕೋಬೇಡ" ಎಂದಳು ಗುಡುಗಮ್ಮ. "ಇನ್ನೂ ಸ್ವಲ್ಪ ಮೇಲೆ."

ಮಸಿ ಇನ್ನೂ ಹಸಿಯಾಗಿತ್ತು. ಗುಡುಗಮ್ಮನ ಮೂಗಿನ ಮೇಲೆ ಒಂದು ಕಪ್ಪು ಗೆರೆ ಉಳಿಯಿತು. ಮಸಿಯಕ್ಕ ಸೆರಗಿನಿಂದ ಒರೆಸಿದಳು. ಎಂಜಲು ಹಚ್ಚಿ ಒರೆಸಿದಳು. ಹೋಗುವುದಿಲ್ಲ ಎಂದು ಗೊತ್ತಿದ್ದೂ ಒರೆಸುತ್ತಲೇ ಇದ್ದಳು.